ಮೈಸೂರಿನ ವಾಹನಗಳೂ ಕಮಾನಿನ ಇತಿಹಾಸವೂ

ವಾಹನಗಳ ಚರಿತ್ರೆಯನ್ನು ಬರೆಯುವವರು ಅವುಗಳ ವೇಗವನ್ನೂ ವೈಭವವನ್ನೂ ಕುರಿತು ವಿಸ್ತಾರವಾಗಿ ಹೇಳಿ, ಅವುಗಳಲ್ಲಿ ಕುಳಿತವರ ಮೈಗೆ ಆದ ಅನುಭವವನ್ನು ಒಂದೆರಡು ಮಾತುಗಳಲ್ಲಿ ಮುಗಿಸಿಬಿಡುವುದುಂಟು. ಆದರೆ ನಿತ್ಯವೂ ಗಾಡಿಯೇರಿ ಹೋಗಿಬರುವ ಗೃಹಸ್ಥನಿಗೆ ವೇಗಕ್ಕಿಂತಲೂ ಮುಖ್ಯವಾದುದು ಬೆನ್ನಿಗೆ ಬೀಳುವ ಪೆಟ್ಟು. ಈ ಪೆಟ್ಟನ್ನು ಕಡಿಮೆಮಾಡುವುದಕ್ಕಾಗಿ ಮೈಸೂರು ನಗರದಲ್ಲಿ ಕಾಲಕಾಲಕ್ಕೆ ಏನೇನು ಸಾಧನಗಳು ಬಳಕೆಗೆ ಬಂದುವು, ಅವುಗಳಿಂದ ಇಂದಿನ ಮೋಟಾರುಬಂಡಿಯ ಒಡೆಯನು ಕಲಿಯಬೇಕಾದುದೇನು ಎಂಬುದೇ ಈ ಲೇಖನದ ವಿಷಯ. ಕಮಾನು ಮೆತ್ತಗಾದಷ್ಟೂ ಸುಖ ಹೆಚ್ಚೆಂಬುದು ಲೋಕರೂಢಿಯಾದ ಅಭಿಪ್ರಾಯ. ಇತಿಹಾಸವು ಈ ಅಭಿಪ್ರಾಯವನ್ನು ಸಮರ್ಥಿಸುವುದಿಲ್ಲ.

ಮೊದಲು ಶಬ್ದವಿಚಾರ. ಫಾರಸಿಯಲ್ಲಿ ಬಿಲ್ಲೆಂಬ ಅರ್ಥವುಳ್ಳ 'ಕಮಾನ್' ಎಂಬ ಮಾತು ಕನ್ನಡಕ್ಕೆ ಬಂದು, ಬಾಗಿಲಿನ ಮೇಲಣ ಬಾಗನ್ನೂ, ಗಡಿಯಾರದೊಳಗಣ ಸುರುಳಿಯನ್ನೂ, ಗಾಡಿಯ ತಳದಲ್ಲಿರುವ ಉಕ್ಕಿನ ಪಟ್ಟಿಗಳ ಕಟ್ಟನ್ನೂ ಸೂಚಿಸತೊಡಗಿತು. ಹಳ್ಳಿಗಳಲ್ಲಿ 'ಕಮಾನುಗಾಡಿ'ಯೆಂದರೆ ಬಿದಿರಿನ ಬಾಗು ಮಾಡನ್ನು ಹೊದಿಸಿದ ಎತ್ತಿನಗಾಡಿಯೆಂದೇ ಅರ್ಥ. ಅದರ ತಳದಲ್ಲಿ ಉಕ್ಕಿನ ಕಮಾನು ಇರಲೇಬೇಕೆಂಬ ನಿಯಮವಿಲ್ಲ. ಈ ಎರಡು ಅರ್ಥಗಳನ್ನು ಬೆರಸಬಾರದು.

೧. ಕಮಾನಿಗೆ ಹಿಂದಿನ ಕಾಲ

ಉಕ್ಕಿನ ಕಮಾನು ಬರುವುದಕ್ಕೆ ಮುಂಚೆ ಪ್ರಯಾಣದ ಸುಖವನ್ನು ಒದಗಿಸುತ್ತಿದ್ದುದು ಜೀವಂತ ಶರೀರಗಳು. ಪಲ್ಲಕ್ಕಿಯನ್ನು ಹೊರುವವರು ಸೈನಿಕರಂತೆ ಒಟ್ಟಿಗೆ ಹೆಜ್ಜೆಯಿಡುತ್ತಿರಲಿಲ್ಲ. ಹಾಗೆ ಇಟ್ಟರೆ ದಂಡಿಗೆಯು ಪ್ರತಿ ಹೆಜ್ಜೆಗೂ ಎದ್ದುಬೀಳುವುದು. ಆದುದರಿಂದ ಹೆಜ್ಜೆಗಳನ್ನು ಒಂದಕ್ಕೊಂದು ತಪ್ಪಿಸಿ, ಮೊಣಕಾಲುಗಳನ್ನು ಕೊಂಚ ಬಗ್ಗಿಸಿ, ಓಲಾಟವನ್ನು ತಮ್ಮ ಮೈಯಲ್ಲಿಯೇ ಅಡಗಿಸಿಕೊಳ್ಳುವರು. ಒಳಗೆ ಒರಗಿದವರ ಸುಖವು ಹೊರಗೆ ನಡೆಯುವವರ ಕೀಲುಗಳಿಂದ ಬಂದುದೆಂಬುದನ್ನು ಇಲ್ಲಿ ಗಮನಿಸಬೇಕು.

ಇದೇ ತತ್ತ್ವವು ಮೈಸೂರಿನ ದಸರಾ ಮೆರವಣಿಗೆಯಲ್ಲಿ ಇಂದಿಗೂ ಕಾಣಬರುತ್ತದೆ. ಸುಮಾರು ೭೫೦ ಕಿಲೋಗ್ರಾಂ ತೂಕದ ಚಿನ್ನದ ಅಂಬಾರಿಯನ್ನು ಆನೆಯ ಬೆನ್ನಿನ ಮೇಲೆ ನೇರವಾಗಿ ಇರಿಸುವುದಿಲ್ಲ. ಮೊದಲು ನಮ್ದಾ, ಅದರ ಮೇಲೆ ಗಾದಿ, ಆಮೇಲೆ ಅಂಬಾರಿ. ಭಾರವು ಬೆನ್ನುಮೂಳೆಯ ಮೇಲೆ ಒಂದೇ ಕಡೆ ಕೂರದೆ ಎರಡು ಪಕ್ಕಗಳಿಗೂ ಹರಡುವಂತೆ ಮಾಡುವುದೇ ಈ ಪದರಗಳ ಉದ್ದೇಶ. ಗಾದಿ ಸಡಿಲವಾದರೆ ಅಂಬಾರಿ ಒಂದು ಕಡೆಗೆ ವಾಲುವುದು. ಬಿಗಿ ಮೀರಿದರೆ ಆನೆಯ ಮೈ ಉಜ್ಜಿ ಗಾಯವಾಗುವುದು. ಹಬ್ಬಕ್ಕೆ ಮುಂಚೆ ಆನೆಗೆ ಮರಳಿನ ಮೂಟೆಗಳನ್ನೂ ಮರದ ಅಂಬಾರಿಯನ್ನೂ ಹೊರಿಸಿ ಅಭ್ಯಾಸಮಾಡಿಸುವುದು, ಭಾರಕ್ಕೂ ಹೊರುವ ಮೈಗೂ ಹೊಂದಿಕೆಯಾಗಲೆಂದೇ. ಮಾವುತರು ಬಲ್ಲ ಈ ಸತ್ಯವನ್ನು ಮೋಟಾರು ಕಾರ್ಖಾನೆಗಳು ಗಣಿತದಿಂದ ಕಂಡುಕೊಳ್ಳುವುದಕ್ಕೆ ಬಹುಕಾಲ ಹಿಡಿಯಿತು.

೨. ದಾರಿ

ಕಮಾನಿಗಿಂತಲೂ ಮೊದಲು ಬೇಕಾದುದು ದಾರಿ. ೧೮೦೦–೦೧ರಲ್ಲಿ ಮೈಸೂರು ಸೀಮೆಯನ್ನು ಸಂಚರಿಸಿದ ಬುಕಾನನ್ನನ ವರದಿಯಿಂದ, ಆ ಕಾಲದಲ್ಲಿ ಸರಕು ಸಾಗುತ್ತಿದ್ದುದು ಬಹುಮಟ್ಟಿಗೆ ಹೇರೆತ್ತುಗಳ ಬೆನ್ನಿನ ಮೇಲೆಯೆಂದು ತಿಳಿದುಬರುತ್ತದೆ. ಗಾಲಿಗಳಿಗೆ ತಕ್ಕ ರಸ್ತೆಗಳಿಲ್ಲದಲ್ಲಿ ಕಮಾನು ಇದ್ದರೂ ನಿಷ್ಪ್ರಯೋಜಕ. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, ೧೮೦೪ರಲ್ಲಿ, ಶ್ರೀರಂಗಪಟ್ಟಣದ ಬಳಿ ಕಾವೇರಿಗೆ ವೆಲ್ಲೆಸ್ಲಿ ಸೇತುವೆಯು ಸಿದ್ಧವಾಯಿತು. ಅನಂತರ ಕಮಿಷನರಾದ ಸರ್ ಮಾರ್ಕ್ ಕಬ್ಬನ್ನರ ಆಡಳಿತದಲ್ಲಿ (೧೮೩೪–೬೧) ಸಂಸ್ಥಾನದಲ್ಲಿ ಸುಮಾರು ೧,೬೦೦ ಮೈಲಿಗಳ ರಸ್ತೆಗಳೂ ಮುನ್ನೂರಕ್ಕೆ ಮೇಲ್ಪಟ್ಟ ಸೇತುವೆಗಳೂ ನಿರ್ಮಿತವಾದುವು. ೧೯೦೩ರಲ್ಲಿ ಮೈಸೂರಿಗೆ ನಗರ ಸುಧಾರಣಾ ಮಂಡಳಿಯು ಏರ್ಪಟ್ಟ ಮೇಲೆ ಊರಿನ ಒಳಗಣ ಬೀದಿಗಳು ಅಗಲವಾಗಿ, ಹೊಸ ಬಡಾವಣೆಗಳು ಹುಟ್ಟಿಕೊಂಡುವು. ಕಮಾನಿನ ಗಾಡಿಗಳ ಬಳಕೆಗೆ ಬೇಕಾದ ನೆಲ ಹೀಗೆ ಒಂದು ಶತಮಾನದಲ್ಲಿ ಅಣಿಯಾಯಿತು.

೩. ಉಕ್ಕಿನ ಪಟ್ಟಿ ಮತ್ತು ಜಟಕಾ

ಕಾವೇರಿಗೆ ಮೇಲೆ ಹೇಳಿದ ಸೇತುವೆಯಾದ ೧೮೦೪ನೆಯ ವರ್ಷದಲ್ಲಿಯೇ ಇಂಗ್ಲೆಂಡಿನಲ್ಲಿ ಒಬಡಯಾ ಎಲಿಯಟ್ ಎಂಬಾತನು ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ, ಅಂಡಾಕಾರವಾಗಿ ಎದುರುಬದುರಾಗಿ ಕೂಡಿಸಿದ ಕಮಾನನ್ನು ಕಲ್ಪಿಸಿದನು. ಅದಕ್ಕೆ ಮುಂಚೆ ಯೂರೋಪಿನ ಸಾರೋಟುಗಳ ಪೆಟ್ಟಿಗೆಯನ್ನು ತೊಗಲಿನ ಪಟ್ಟಿಗಳಿಂದ ತೂಗಹಾಕುತ್ತಿದ್ದರು. ಅವು ತೊಟ್ಟಿಲಿನಂತೆ ಓಲಾಡುತ್ತಿದ್ದುವು. ಎಲಿಯಟ್ಟನ ಕಮಾನು ಅಚ್ಚಿನ ಮೇಲೆಯೇ ಗಾಡಿಯನ್ನು ಹೊತ್ತುದರಿಂದ ತೂಕವೂ ಓಲಾಟವೂ ತಗ್ಗಿದುವು.

ಅರಮನೆಯ ಸಾರೋಟುಗಳೂ, ಮೈಸೂರಿಗರು ಷಾ ಪಸಂದ್ ಎಂದು ಕರೆಯುವ ಗಾಡಿಗಳೂ, ಸಾಮಾನ್ಯ ಜನರ ಜಟಕಾ ಟಾಂಗಾಗಳೂ ಈ ಉಕ್ಕಿನ ಪಟ್ಟಿಯ ಸಂತತಿಯವು. ೧೮೮೨ರಲ್ಲಿ ಬೆಂಗಳೂರಿನಿಂದ ರೈಲು ಮೈಸೂರನ್ನು ಮುಟ್ಟಿದ ಮೇಲೆ, ನಿಲ್ದಾಣದಿಂದ ಮನೆಗೆ ಹೋಗುವ ಪ್ರಯಾಣಿಕನಿಗೆ ಜಟಕಾವೇ ಆಶ್ರಯವಾಯಿತು. ಜಟಕಾಕ್ಕೆ ಇರುವುದು ಎರಡೇ ಗಾಲಿ. ಭಾರವು ಹಿಂದೆ ಹೆಚ್ಚಾದರೆ ಮೂಕಿಗಳು ಮೇಲೇಳುವುವು. ಮುಂದೆ ಹೆಚ್ಚಾದರೆ ಕುದುರೆಯ ಬೆನ್ನಿನ ಮೇಲೆ ಕೂರುವುವು. 'ಸ್ವಲ್ಪ ಮುಂದಕ್ಕೆ ಬನ್ನಿ ಸ್ವಾಮಿ, ಹಿಂದೆ ಭಾರವಾಯಿತು' ಎಂದು ಗಾಡಿಯವನು ಹೇಳುತ್ತಿದ್ದುದು ಜಗಳಗಂಟಿತನದಿಂದಲ್ಲ. ಕಮಾನು ಎಷ್ಟೇ ಒಳ್ಳೆಯದಾಗಿರಲಿ, ಭಾರವು ತನ್ನ ಸ್ಥಾನದಲ್ಲಿ ಇಲ್ಲದಿದ್ದರೆ ಸುಖವಿಲ್ಲವೆಂಬುದನ್ನು ಅವನು ಕುದುರೆಯ ಬೆನ್ನಿನಿಂದ ಕಲಿತಿದ್ದನು.

ಪಟ್ಟಿಕಮಾನಿಗೆ ಇನ್ನೊಂದು ಗುಣವುಂಟು. ಬಗ್ಗುವಾಗ ಅದರ ಪಟ್ಟಿಗಳು ಒಂದರ ಮೇಲೊಂದು ಜಾರಿ ಉಜ್ಜುತ್ತವೆ. ಈ ಘರ್ಷಣೆಯಿಂದ, ಒಮ್ಮೆ ಎದ್ದ ಗಾಡಿಯು ಮತ್ತೆಮತ್ತೆ ಕುಣಿಯದೆ ಬೇಗನೆ ನಿಲ್ಲುತ್ತದೆ. ಹೀಗೆ ಪೆಟ್ಟನ್ನು ನುಂಗುವ ಕೆಲಸವೂ ಕುಣಿತವನ್ನು ಅಡಗಿಸುವ ಕೆಲಸವೂ ಒಂದೇ ಕಟ್ಟಿನಲ್ಲಿ ಅಡಕವಾಗಿದ್ದುವು. ಸುರುಳಿ ಕಮಾನು ಬಂದಾಗ ಈ ಎರಡು ಕೆಲಸಗಳು ಬೇರೆಯಾದುವು.

೪. ಮೋಟಾರಿನ ಕಾಲ

ಮೂರು ಬದಲಾವಣೆಗಳು ಮೋಟಾರುಬಂಡಿಯನ್ನು ಕುದುರೆಗಾಡಿಯಿಂದ ಬೇರ್ಪಡಿಸಿದುವು. ಮೊದಲನೆಯದು, ೧೮೮೮ರಲ್ಲಿ ಡನ್‌ಲಪ್ಪನು ಬಳಕೆಗೆ ತಂದ ಗಾಳಿತುಂಬಿದ ರಬ್ಬರು ಟೈರು. ಜಲ್ಲಿಯಂತಹ ಸಣ್ಣ ಪೆಟ್ಟುಗಳನ್ನು ನುಂಗುವುದು ಇದೇ ಹೊರತು ಕಮಾನಲ್ಲ. ಎರಡನೆಯದು, ೨೦ನೆಯ ಶತಮಾನದ ಮೊದಲ ದಶಕದಲ್ಲಿ ಬಂದ ಶಾಕ್ ಅಬ್ಸಾರ್ಬರ್. ಈ ಹೆಸರು ಅನ್ವರ್ಥವಲ್ಲ. ಆಘಾತವನ್ನು ಹೀರುವುದು ಕಮಾನು. ಶಾಕ್ ಅಬ್ಸಾರ್ಬರ್ ಮಾಡುವುದು ಕಮಾನಿನ ಕುಣಿತವನ್ನು ಅಡಗಿಸುವ ಕೆಲಸ. ಮೊದಲು ತಟ್ಟೆಗಳ ಘರ್ಷಣೆಯಿಂದಲೂ, ಅನಂತರ ಸಣ್ಣ ರಂಧ್ರಗಳಲ್ಲಿ ಎಣ್ಣೆಯನ್ನು ನುಗ್ಗಿಸುವುದರಿಂದಲೂ ಇದನ್ನು ಸಾಧಿಸಿದರು.

ಮೂರನೆಯದು ಗಣಿತದ್ದು. ರೋಲ್ಸ್ ರಾಯ್ಸ್ ಸಂಸ್ಥೆಯಲ್ಲಿದ್ದು ೧೯೩೦ರಲ್ಲಿ ಅಮೆರಿಕದ ಕ್ಯಾಡಿಲಾಕ್ ಸಂಸ್ಥೆಗೆ ಹೋದ ಮಾರಿಸ್ ಆಲಿ ಎಂಬ ಎಂಜಿನಿಯರನು, ಕಾರಿನ ಭಾರವನ್ನು ಹಿಂದುಮುಂದಕ್ಕೆ ಸರಿಸಿ ಪರೀಕ್ಷಿಸಿದನು. ಆ ಕಾಲದ ಕಾರುಗಳಲ್ಲಿ ಮುಂದಿನ ಕಮಾನು ಹಿಂದಿನದಕ್ಕಿಂತ ಬಿಗಿಯಾಗಿರುತ್ತಿದ್ದಿತು. ಉಬ್ಬನ್ನು ಮುಂದಿನ ಗಾಲಿ ಮೊದಲು ಹತ್ತುತ್ತದೆ, ಹಿಂದಿನದು ಆಮೇಲೆ. ತಡವಾಗಿ ಎದ್ದ ಹಿಂಭಾಗವು ಕೊಂಚ ಬೇಗಬೇಗನೆ ತೂಗಿದರೆ ಮುಂಭಾಗವನ್ನು ಕೂಡಿಕೊಳ್ಳುವುದು. ಇಲ್ಲದಿದ್ದರೆ ಬಂಡಿಯು ದೋಣಿಯಂತೆ ಮೂತಿಯೆತ್ತಿ ಮುಳುಗುವುದು. ಆದುದರಿಂದ ಮುಂದಿನ ಕಮಾನೇ ಮೆತ್ತಗಿರಬೇಕೆಂದು ಸಿದ್ಧವಾಯಿತು. ಮುಂದಿನ ಎರಡು ಗಾಲಿಗಳೂ ಒಂದರ ಹಂಗಿಲ್ಲದೆ ಇನ್ನೊಂದು ಏಳುವ ಏರ್ಪಾಡು ಆ ಸಂಸ್ಥೆಯ ೧೯೩೪ರ ಮಾದರಿಗಳಲ್ಲಿ ಕಾಣಿಸಿಕೊಂಡಿತು.

ಇದೇ ದಶಕದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಭಾರತದಲ್ಲಿಯೇ ಮೋಟಾರುಗಳನ್ನು ತಯಾರಿಸುವ ಯೋಜನೆಯನ್ನು ಮುಂದಿಟ್ಟರು. ಮೈಸೂರು ಸಂಸ್ಥಾನವು ಅದಕ್ಕೆ ಒಲವು ತೋರಿದರೂ ಕಾರ್ಖಾನೆ ಇಲ್ಲಿ ಏಳಲಿಲ್ಲ. ವಾಲ್‌ಚಂದ್ ಹೀರಾಚಂದರು ಪ್ರೀಮಿಯರ್ ಆಟೋಮೊಬೈಲ್ಸ್ ಸಂಸ್ಥೆಯನ್ನು ೧೯೪೪ರಲ್ಲಿ ಮುಂಬಯಿಯಲ್ಲಿ ಸ್ಥಾಪಿಸಿದರು. ಆದರೂ ಮೈಸೂರು ನಗರವು ಈ ಉದ್ಯಮದಿಂದ ದೂರ ಉಳಿಯಲಿಲ್ಲ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ ೧೯೬೧ರಿಂದ ೧೯೯೬ರವರೆಗೆ ಹೊರಬಂದ ಜಾವಾ, ಯೆಜ್ಡಿ ಮೋಟಾರುಸೈಕಲ್ಲುಗಳಿಗೆ ಮುಂದೆ ಕೊಳವೆಯೊಳಗಣ ಕಮಾನೂ ಹಿಂದೆ ಜೋಡಿ ಕಮಾನೂ ಇದ್ದುವು. ವಿಕ್ರಾಂತ್ ಸಂಸ್ಥೆಯ ಟೈರುಗಳೂ, ಹೂಟಗಳ್ಳಿಯಲ್ಲಿ ೧೯೮೧ರಲ್ಲಿ ಸ್ಥಾಪಿತವಾದ ಆಟೋಮೋಟಿವ್ ಆಕ್ಸಲ್ಸ್ ಸಂಸ್ಥೆಯ ಅಚ್ಚುಗಳೂ ಈ ಊರಿನಲ್ಲಿಯೇ ತಯಾರಾದುವು.

ರಸ್ತೆಯ ಮೇಲೆ ಬಹುಕಾಲ ಆಳಿದುದು ಅಂಬಾಸಡರ್. ೧೯೫೭ರ ಸುಮಾರಿಗೆ ಬಂದು ೨೦೧೪ರಲ್ಲಿ ನಿಂತ ಈ ಕಾರಿಗೆ ಮುಂದೆ ತಿರುಚುವ ಸರಳಿನ ಕಮಾನು, ಹಿಂದೆ ಜಟಕಾದ ವಂಶದ ಪಟ್ಟಿಕಮಾನು. ಅದರಲ್ಲಿ ಕುಳಿತವರು ಸುಖವಾಗಿತ್ತೆಂದು ಇಂದಿಗೂ ನೆನೆಯುವುದಕ್ಕೆ ಕಾರಣ ಕಮಾನೊಂದೇ ಅಲ್ಲ. ಭಾರವಾದ ಮೈ, ಎತ್ತರವಾದ ಟೈರು, ದಪ್ಪನೆಯ ಆಸನ, ಮಿತವಾದ ವೇಗ ಇವೆಲ್ಲವೂ ಕೂಡಿಕೊಂಡಿದ್ದುವು. ಸಣ್ಣ ಕಾರುಗಳು ಬಂದಮೇಲೆ ಮೈ ಹಗುರವಾಯಿತು, ವೇಗ ಹೆಚ್ಚಿತು. ಹಳೆಯ ಹೊಂದಿಕೆ ಉಳಿಯಲಿಲ್ಲ.

೫. ಇಂದಿನ ಆಯ್ಕೆ

ಈ ಚರಿತ್ರೆಯ ಬೆಳಕಿನಲ್ಲಿ ಇಂದಿನ ಮೈಸೂರಿಗನ ಪ್ರಶ್ನೆಯನ್ನು ನೋಡಬಹುದು. ಅವನ ಕಾರು ಬೆಳಗ್ಗೆ ಬಡಾವಣೆಯ ಉಬ್ಬುಗಳನ್ನು ದಾಟಬೇಕು, ವಾರಕ್ಕೊಮ್ಮೆ ೨೦೨೩ರಲ್ಲಿ ಉದ್ಘಾಟಿತವಾದ ಸುಮಾರು ೧೧೮ ಕಿಲೋಮೀಟರುಗಳ ಬೆಂಗಳೂರು ಹೆದ್ದಾರಿಯಲ್ಲಿ ಓಡಬೇಕು, ಹಬ್ಬದ ದಿನ ವೃದ್ಧರಾದ ತಾಯಿತಂದೆಗಳನ್ನು ಚಾಮುಂಡಿ ಬೆಟ್ಟಕ್ಕೆ ಏರಿಸಬೇಕು. ಭಾರತೀಯ ರಸ್ತೆ ಕಾಂಗ್ರೆಸ್ಸು ವಿಧಿಸಿದ ಉಬ್ಬಿನ ಎತ್ತರ ೧೦ ಸೆಂಟಿಮೀಟರು, ಅಗಲ ೩.೭ ಮೀಟರು, ಅದನ್ನು ಗಂಟೆಗೆ ೨೫ ಕಿಲೋಮೀಟರು ವೇಗದಲ್ಲಿ ದಾಟಬಹುದು. ಬೀದಿಗಳಲ್ಲಿರುವ ಕಿರಿದಾದ, ಕಡಿದಾದ ಉಬ್ಬುಗಳು ಈ ಅಳತೆಗೆ ಸೇರಿದುವಲ್ಲ. ಅಲ್ಲಿ ಬೀಳುವ ಪೆಟ್ಟು ಕಮಾನಿನ ದೋಷವಲ್ಲ, ದಾರಿಯ ದೋಷ.

ಮನುಷ್ಯನ ಮೈ ನಿಮಿಷಕ್ಕೆ ೬೦ರಿಂದ ೯೦ ತೂಗುಗಳನ್ನು ಸಹಜವಾಗಿ ಸಹಿಸುತ್ತದೆ. ಸೆಕೆಂಡಿಗೆ ೪ರಿಂದ ೮ ಸಲ ಆಗುವ ಕಂಪನವು ಕುಳಿತವನ ಬೆನ್ನನ್ನೂ ಹೊಟ್ಟೆಯನ್ನೂ ಬಹಳವಾಗಿ ನೋಯಿಸುತ್ತದೆ. ಸೆಕೆಂಡಿಗೆ ಅರ್ಧ ತೂಗಿಗಿಂತ ನಿಧಾನವಾದರೆ ಕಡಲಯಾನದ ಓಕರಿಕೆ ತಲೆದೋರುತ್ತದೆ. ಸೆಕೆಂಡಿಗೆ ಒಂದು ತೂಗು ಬೇಕಾದರೆ ಕಮಾನು ಕಾರಿನ ಭಾರಕ್ಕೆ ಸುಮಾರು ೨೫ ಸೆಂಟಿಮೀಟರು ಕುಗ್ಗಬೇಕು. ಎರಡು ತೂಗಾದರೆ ೬ ಸೆಂಟಿಮೀಟರು ಸಾಕು. ಎಂದರೆ ತೂಗು ಇಮ್ಮಡಿಯಾಗಲು ಕಮಾನಿನ ಬಿಗಿ ನಾಲ್ಮಡಿಯಾಗಬೇಕು. ಅತಿ ಮೆತ್ತಗೂ ಅತಿ ಬಿಗಿಗೂ ನಡುವೆ ಇರುವ ಸುಖದ ಜಾಗ ಎಷ್ಟು ಕಿರಿದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಆದುದರಿಂದ ಕ್ರಮ ಹೀಗಿರಬೇಕು. ಮೊದಲು ಟೈರಿನ ಗಾಳಿ, ಸವೆದ ರಬ್ಬರು ಬುಷ್‌ಗಳು, ಎಣ್ಣೆ ಸೋರುವ ಶಾಕ್ ಅಬ್ಸಾರ್ಬರುಗಳು ಇವನ್ನು ಪರೀಕ್ಷಿಸಬೇಕು. ಕಾರಿನ ಮೂಲೆಯನ್ನು ಒತ್ತಿ ಬಿಟ್ಟರೆ ಅದು ಒಮ್ಮೆ ಎದ್ದು ನಿಲ್ಲಬೇಕು. ಮತ್ತೆಮತ್ತೆ ಕುಣಿದರೆ ಶಾಕ್ ಅಬ್ಸಾರ್ಬರು ಸವೆದಿದೆಯೆಂದೇ ತಿಳಿಯತಕ್ಕದ್ದು. ಹೊಸದನ್ನೇ ಹಾಕಿಸುವುದಾದರೆ, ತಯಾರಕರು ಕೊಟ್ಟ ಕಮಾನಿನ ಬಿಗಿಗೆ ಹೊಂದುವ ಶಾಕ್ ಅಬ್ಸಾರ್ಬರನ್ನೇ, ಎಡಬಲ ಜೊತೆಯಾಗಿ, ಆರಿಸಬೇಕು. ಅನಿಲ ತುಂಬಿದವುಗಳಲ್ಲಿ ಎಣ್ಣೆ ನೊರೆಯಾಗುವುದು ಕಡಿಮೆಯಾದುದರಿಂದ ಕೆಟ್ಟ ದಾರಿಯ ದೀರ್ಘಪ್ರಯಾಣದಲ್ಲಿ ಅವು ಸೊರಗುವುದಿಲ್ಲ. ಕಾರನ್ನು ತಗ್ಗಿಸುವ ಗಿಡ್ಡ ಕಮಾನುಗಳು ನೋಟಕ್ಕೆ ಚೆಂದ. ಆದರೆ ಕುಗ್ಗಲು ಜಾಗವನ್ನು ಕಸಿದುಕೊಂಡು ಪ್ರತಿ ಉಬ್ಬಿನಲ್ಲಿಯೂ ತಳಕ್ಕೆ ಬಡಿಸುತ್ತವೆ. ಸುರುಳಿಗಳ ನಡುವೆ ತುರುಕುವ ರಬ್ಬರು ತುಂಡುಗಳು ಕಾರನ್ನು ಕೊಂಚ ಎತ್ತಿದರೂ, ಕುಗ್ಗುವ ಸುರುಳಿಗಳ ಸಂಖ್ಯೆಯನ್ನು ತಗ್ಗಿಸಿ ಕಮಾನನ್ನು ಬಿಗಿಮಾಡುತ್ತವೆ. ದೊಡ್ಡ ಗಾಲಿಗೆ ತೆಳುವಾದ ಟೈರನ್ನು ತೊಡಿಸುವವನು ಡನ್‌ಲಪ್ಪನ ಗಾಳಿಯನ್ನೇ ಕಳೆದುಕೊಳ್ಳುತ್ತಾನೆ. ೧೯೮೮ರ ಮೋಟಾರುವಾಹನ ಕಾಯಿದೆಯ ೫೨ನೆಯ ಪ್ರಕರಣವು, ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸಿದೆಯೆಂಬುದನ್ನೂ ಮರೆಯಬಾರದು.

೬. ಉಪಸಂಹಾರ

ಮೇಲಣ ವಿಚಾರದಿಂದ ಎರಡು ಸಂಗತಿಗಳು ನಿರ್ಣಯವಾಗುತ್ತವೆ. ದಾರಿ, ಗಾಲಿ, ಕಮಾನು, ಕುಣಿತವನ್ನು ಅಡಗಿಸುವ ಸಾಧನ, ಭಾರದ ಸ್ಥಾನ ಈ ಐದರ ಹೊಂದಿಕೆಯೇ ಸುಖ. ಒಂದನ್ನು ಮಾತ್ರ ಮೆತ್ತಗೆ ಮಾಡಿದವನಿಗೆ ಅದು ದೊರೆಯಲಿಲ್ಲ. ಎರಡನೆಯದಾಗಿ, ಪ್ರಯಾಣಿಕನ ಸುಖದ ಬೆಲೆಯನ್ನು ಯಾರಾದರೂ ತೆತ್ತೇ ಇದ್ದರು. ಮೊದಲು ಪಲ್ಲಕ್ಕಿ ಹೊತ್ತವರ ಮೊಣಕಾಲು, ಆಮೇಲೆ ಕುದುರೆಯ ಬೆನ್ನು, ಈಗ ಉಕ್ಕು ಮತ್ತು ಎಣ್ಣೆ. ಜೀವಗಳ ಮೇಲಿನ ಹೊರೆಯನ್ನು ಲೋಹಕ್ಕೆ ವರ್ಗಾಯಿಸಿದುದೇ ಕಮಾನಿನ ಇತಿಹಾಸದ ಸಾರ್ಥಕತೆ. ಅರಮನೆಯ ಸುತ್ತಮುತ್ತ ಪ್ರವಾಸಿಗರಿಗಾಗಿ ಉಳಿದಿರುವ ಕೆಲವು ಟಾಂಗಾಗಳ ತಳದಲ್ಲಿ ಆ ಉಕ್ಕಿನ ಪಟ್ಟಿಗಳು ಇನ್ನೂ ಕಾಣಸಿಗುತ್ತವೆ. ಕಾರಿಗೆ ಹೊಸ ಕಮಾನನ್ನು ಕೊಳ್ಳಹೊರಟವನು ಮೊದಲು ಅವನ್ನು ಒಮ್ಮೆ ಬಗ್ಗಿ ನೋಡುವುದು ಯುಕ್ತ.