ಅರಸನ ಹೆಸರಿನ ಬಾಕಿ

‘ಸಂಶಯಾಸ್ಪದ ಸಾಲಗಳ ಮೀಸಲು’ ಎಂಬುದನ್ನು ನಾನು ಪಿಯುಸಿಯಲ್ಲಿ ಬಾಯಿಪಾಠ ಮಾಡಿದ್ದೆ. ಉದ್ರಿ ಒಯ್ದವರಲ್ಲಿ ಕೆಲವರು ಕೈಕೊಡಬಹುದೆಂದು ಅಂದಾಜಿಸಿ, ಅಷ್ಟು ಹಣವನ್ನು ಲಾಭದಿಂದ ಮೊದಲೇ ಕಳೆದಿಡುವುದು. ಆ ಅಂದಾಜು ಎಷ್ಟು ಕಷ್ಟವೆಂದು ತಿಳಿದದ್ದು ಇಟಲಿಯ ಫ್ಲಾರೆನ್ಸ್ ನಗರದ ಚರಿತ್ರೆ ಓದಿದ ಮೇಲೆ.

ಅಲ್ಲಿನ ಬಾರ್ದಿ, ಪೆರುಝ್ಝಿ ಕಂಪನಿಗಳು ಇಂಗ್ಲೆಂಡಿನ ಮೂರನೆಯ ಎಡ್ವರ್ಡನಿಗೆ ಸಾಲ ಕೊಟ್ಟವು. ಕೊಡದಿದ್ದರೆ ಇಂಗ್ಲೆಂಡಿನ ಉಣ್ಣೆ ಕೈತಪ್ಪುತ್ತಿತ್ತು. ಹಣ ಫ್ರಾನ್ಸಿನ ಮೇಲಿನ ಯುದ್ಧದಲ್ಲಿ ಕರಗಿತು. 1343ರಲ್ಲಿ ಪೆರುಝ್ಝಿ, 1346ರಲ್ಲಿ ಬಾರ್ದಿ ದಿವಾಳಿಯೆದ್ದವು. ಅರಸನ ಬಾಕಿ ಬಾರ್ದಿಗೆ 9 ಲಕ್ಷ, ಪೆರುಝ್ಝಿಗೆ 6 ಲಕ್ಷ ಫ್ಲಾರಿನ್ ಎಂದು ಜೊವಾನ್ನಿ ವಿಲ್ಲಾನಿ ಬರೆದಿಟ್ಟ. ಇದು ಹಿಗ್ಗಿಸಿದ ಲೆಕ್ಕ ಎನ್ನುವ ಇತಿಹಾಸಕಾರರಿದ್ದಾರೆ. ಆದರೆ ವಿಲ್ಲಾನಿ ತಾನೂ ಮುಳುಗಿದ ಇನ್ನೊಂದು ಕಂಪನಿಯ ಪಾಲುದಾರ, ಅದಕ್ಕಾಗಿ ಸೆರೆಮನೆ ಕಂಡವನು. ನಾನಂತೂ ಅವನನ್ನು ಕ್ಷಮಿಸುತ್ತೇನೆ.

ಮುಂದಿನ ಶತಮಾನದ ಮೆದಿಚಿ ಬ್ಯಾಂಕು ಪಾಠ ಕಲಿತಂತೆ ಕಾಣುತ್ತದೆ. ಲಾಭ ಹಂಚುವ ಮೊದಲೇ ಕೆಟ್ಟ ಸಾಲಗಳಿಗೆಂದು ಹಣ ತೆಗೆದಿಡುತ್ತಿತ್ತು. ಆದರೂ ಅದರ ಲಂಡನ್ ಶಾಖೆ ಮುಳುಗಿದ್ದು ಮತ್ತೊಬ್ಬ ಎಡ್ವರ್ಡನಿಂದ, ನಾಲ್ಕನೆಯವನಿಂದ! ಅಲ್ಲಿಯೂ ಅದೇ ಉಣ್ಣೆ.

ಮೆದಿಚಿಗಳು ಊರುಬಿಟ್ಟ 1494ರಲ್ಲೇ ವೆನಿಸ್ಸಿನಲ್ಲಿ ಲೂಕಾ ಪಚೋಲಿ ಎಂಬ ಸನ್ಯಾಸಿಯ ಗಣಿತಗ್ರಂಥ ಅಚ್ಚಾಯಿತು. ಬರಬೇಕಾದ ಹಣವನ್ನು ಬರೆಯುವಾಗ, ಸಾಲಗಾರ ಒಳ್ಳೆಯವನಾದರೆ ಒಳ್ಳೆಯ ಹಣವೆಂದೂ ಅಲ್ಲವಾದರೆ ಕೆಟ್ಟ ಹಣವೆಂದೂ ನಮೂದಿಸಬೇಕೆಂದು ಅವನು ವ್ಯಾಪಾರಿಗೆ ಹೇಳುತ್ತಾನೆ. ಅರಸನ ಹೆಸರಿನ ಮುಂದೆ ‘ಕೆಟ್ಟ’ ಎಂದು ಬರೆದ ಗುಮಾಸ್ತ ಮರುದಿನ ಉಣ್ಣೆ ಕೇಳಲು ಯಾರ ಬಾಗಿಲಿಗೆ ಹೋಗಬೇಕಿತ್ತು?