ಬುರುಡೆ ಬಿಟ್ಟವರು, ಬುರುಡೆ ಓದಿದವರು

1924. ದಕ್ಷಿಣ ಆಫ್ರಿಕಾದ ಟೌಂಗ್ ಎಂಬಲ್ಲಿನ ಸುಣ್ಣಕಲ್ಲಿನ ಗಣಿಯಿಂದ ಜೋಹಾನ್ಸ್‌ಬರ್ಗ್‌ನ ಪ್ರೊಫೆಸರ್ ರೇಮಂಡ್ ಡಾರ್ಟ್ ಅವರಿಗೆ ಒಂದಿಷ್ಟು ಕಲ್ಲು ಬಂತು. ಅದರೊಳಗೊಂದು ಪುಟ್ಟ ತಲೆಬುರುಡೆ. ವಾರಗಟ್ಟಲೆ ಕೂತು ಕಲ್ಲು ಬಿಡಿಸಿದರು. ಹೊರಬಂದದ್ದು ಮಗುವಿನ ಮುಖ, ಹಾಲುಹಲ್ಲುಗಳ ಸಮೇತ!

ಮಿದುಳು ವಾನರನಷ್ಟೇ ಚಿಕ್ಕದು. ಆದರೆ ಬೆನ್ನುಹುರಿ ಹಾದುಹೋಗುವ ರಂಧ್ರ ಬುರುಡೆಯ ತಳದಲ್ಲಿ, ಮುಂದಕ್ಕಿತ್ತು. ಅಂದ್ರೆ? ಇದು ನೆಟ್ಟಗೆ ನಿಂತು ನಡೆದ ಜೀವಿ. 1925ರ ಫೆಬ್ರವರಿಯಲ್ಲಿ 'ನೇಚರ್' ಪತ್ರಿಕೆಯಲ್ಲಿ ಡಾರ್ಟ್ ಇದನ್ನೇ ಬರೆದರು. ಆಸ್ಟ್ರಲೋಪಿಥೆಕಸ್ ಆಫ್ರಿಕಾನಸ್ ಅಂತ ಹೆಸರಿಟ್ಟರು.

ಲಂಡನ್‌ನ ಘಟಾನುಘಟಿಗಳು ಒಪ್ಪಲಿಲ್ಲ. ಇದು ಗೊರಿಲ್ಲಾ, ಚಿಂಪಾಂಜಿಗಳ ಗುಂಪಿನದ್ದು ಅಂದರು ಆರ್ಥರ್ ಕೀತ್. ಯಾಕೆ ಗೊತ್ತಾ? ಅವರ ಹತ್ತಿರ ಇಂಗ್ಲೆಂಡ್‌ನಲ್ಲೇ ಸಿಕ್ಕ 'ಪಿಲ್ಟ್‌ಡೌನ್ ಮಾನವ' ಇದ್ದ. ದೊಡ್ಡ ಮಿದುಳು, ವಾನರನ ದವಡೆ. ಮೊದಲು ಬೆಳೆದದ್ದು ಮಿದುಳೇ ಅನ್ನೋ ನಂಬಿಕೆಗೆ ಹೇಳಿ ಮಾಡಿಸಿದ ಹಾಗಿತ್ತು. ನಿಜಕ್ಕೂ ಮಾಡಿಸಿದ್ದೇ! ಮನುಷ್ಯನ ಬುರುಡೆಗೆ ಒರಾಂಗುಟಾನ್ ದವಡೆ ಜೋಡಿಸಿದ್ದ ಆ ಮೋಸ 1953ರಲ್ಲಿ ಬಯಲಾಯ್ತು.

ಅಷ್ಟರಲ್ಲಿ ಆಫ್ರಿಕಾದಲ್ಲಿ ಇನ್ನಷ್ಟು ಪಳೆಯುಳಿಕೆಗಳು ಸಿಕ್ಕಿದ್ದವು. ಡಾರ್ಟ್ ಹೇಳಿದ್ದೇ ಸರಿ, ತಾನು ತಪ್ಪಿದ್ದೆ ಅಂತ 1947ರಲ್ಲೇ ಕೀತ್ ಬರೆದರು. ಅದಕ್ಕೆ 22 ವರ್ಷ ಬೇಕಾಯ್ತು. 95 ವರ್ಷ ಬದುಕಿದ ಡಾರ್ಟ್ ಗೆಲುವನ್ನ ಕಣ್ಣಾರೆ ಕಂಡರು.

ವೀಕ್ಷಕರೇ, ನಮಗೆ ಬೇಕಾದ್ದನ್ನೇ ಹೇಳೋ ಸಾಕ್ಷಿ ಸಿಕ್ಕಿತಾ? ಅದನ್ನೇ ಎರಡು ಸಲ ಪರೀಕ್ಷಿಸಿ.