ಟರ್ಜಿಡ್: ಬಾವು ಮತ್ತು ಶಬ್ದಾಡಂಬರ

ಬಾವು ಬಂದ ಅಂಗವನ್ನೂ ಹುರುಳಿಗಿಂತ ಅಬ್ಬರವೇ ಹೆಚ್ಚಾದ ಬರಹವನ್ನೂ ಸೂಚಿಸುವ ಇಂಗ್ಲಿಷ್ ಗುಣವಾಚಕ. ಊದಿಕೊಳ್ಳು ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಹುಟ್ಟಿದ ‘ಟುರ್ಗಿಡುಸ್’ ಇದರ ಮೂಲ. ಇವೇ ಎರಡು ಅರ್ಥಗಳ ‘ಟುಮಿಡುಸ್’ ಎಂಬ ಪದವೂ ರೋಮನ್ನರಲ್ಲಿತ್ತು. ವೈದ್ಯರು ಗಡ್ಡೆಗೆ ಹೇಳುವ ಟ್ಯೂಮರ್ ಅದರ ಬಂಧು.

ಕ್ರಿ.ಪೂ. 1ನೆಯ ಶತಮಾನದ ‘ರೆಟೋರಿಕಾ ಆಡ್ ಹೆರೆನ್ನಿಯುಮ್’ ಎಂಬ ಭಾಷಣಶಾಸ್ತ್ರ ಗ್ರಂಥ ಗಂಭೀರ ಶೈಲಿಯನ್ನು ವಿವರಿಸಿ, ಅದರ ಪಕ್ಕದಲ್ಲೇ ಇರುವ ದೋಷವನ್ನೂ ತೋರಿಸುತ್ತದೆ. ಬಾತುಕೊಂಡ ಮೈ ಪುಷ್ಟಿಯಾದ ಮೈಯಂತೆ ಕಾಣುವ ಹಾಗೆ ಉಬ್ಬಿದ ಮಾತು ಅರಿಯದವರಿಗೆ ಗಂಭೀರವಾಗಿ ಕೇಳಿಸುತ್ತದೆ ಎಂಬುದು ಅದರ ವಾದ. ಇಡೀ ಪರಂಪರೆಯಲ್ಲಿ ಇದಕ್ಕಿಂತ ನಿಖರವಾದ ರೋಗನಿದಾನ ಇನ್ನೊಂದಿಲ್ಲ. ಲಾಂಜೈನಸ್ಸನ ಹೆಸರಿನಲ್ಲಿ ಉಳಿದಿರುವ, ಭವ್ಯತೆಯನ್ನು ಕುರಿತ ಗ್ರೀಕ್ ಗ್ರಂಥವೂ ಇದೇ ಜಾಡು ಹಿಡಿದು, ಜಲೋದರದ ರೋಗಿಗಿಂತ ಒಣಗಿದವರಿಲ್ಲ ಎಂಬ ನಾಣ್ಣುಡಿಯನ್ನು ನೆನೆಯುತ್ತದೆ. ರಣಹದ್ದುಗಳನ್ನು ಜೀವವಿರುವ ಗೋರಿಗಳೆಂದು ಬಣ್ಣಿಸಿದ ಗ್ರೀಕ್ ಭಾಷಣಕಾರ ಗಾರ್ಜಿಯಸ್ ಅಲ್ಲಿ ನಗೆಪಾಟಲಾಗಿದ್ದಾನೆ.

ಊದಿಕೊಂಡ ಮಾತು ಎಂಬ ಈ ರೂಪಕ ಬೈಗುಳವಾಗಿಯೂ ಬಳಕೆಯಾಯಿತು. ರೋಮನ್ ವಾಗ್ಮಿ ಸಿಸೆರೋನ ಭಾಷಣ ಊದಿಕೊಂಡದ್ದು, ಆಡಂಬರದ ಏಷ್ಯಾ ಶೈಲಿಯದು ಎಂದು ಅವನ ಕಾಲದವರು ದೂರಿದ್ದನ್ನು ಭಾಷಣಶಾಸ್ತ್ರಜ್ಞ ಕ್ವಿಂಟಿಲಿಯನ್ ದಾಖಲಿಸಿದ್ದಾನೆ. ಸರಳವಾದ ಅಥೆನ್ಸ್ ಶೈಲಿಯೊಂದೇ ಸರಿ ಎಂದು ವಾದಿಸುತ್ತಿದ್ದವರಿಗೆ ಸಿಸೆರೋ ಕ್ರಿ.ಪೂ. 46ರಲ್ಲಿ ‘ಬ್ರೂಟಸ್’ ಮತ್ತು ‘ಓರೇಟರ್’ ಕೃತಿಗಳಲ್ಲಿ ಉತ್ತರ ಕೊಟ್ಟ. ಆ ದೂರು ಅನ್ಯಾಯದ್ದು: ಅವನ ದೀರ್ಘ ವಾಕ್ಯಗಳಲ್ಲಿ ವಾದ ಎಲ್ಲೂ ಸೊರಗುವುದಿಲ್ಲ.

ರೋಗವೆಂದ ಮೇಲೆ ಮದ್ದೂ ಬೇಕಾಯಿತು. ಕ್ರಿ.ಶ. 2ನೆಯ ಶತಮಾನದ ಗ್ರೀಕ್ ಲೇಖಕ ಲೂಸಿಯನ್ ತನ್ನ ‘ಲೆಕ್ಸಿಫೇನಿಸ್’ ಎಂಬ ಸಂಭಾಷಣೆಯಲ್ಲಿ ಪದವ್ಯಾಮೋಹಿಯೊಬ್ಬನಿಗೆ ವೈದ್ಯನಿಂದ ವಾಂತಿಯ ಔಷಧಿ ಕುಡಿಸುತ್ತಾನೆ. ಇಂಗ್ಲಿಷ್ ನಾಟಕಕಾರ ಬೆನ್ ಜಾನ್ಸನ್ 1601ರ ‘ಪೊಯೆಟಾಸ್ಟರ್’ ನಾಟಕಕ್ಕೆ ಈ ಪ್ರಸಂಗವನ್ನೇ ತಂದ. ಅಲ್ಲಿ ಕವಿ ಹೊರೇಸನೇ ಗುಳಿಗೆ ಕೊಡುವವನು. ನುಂಗಿದ ಕ್ರಿಸ್ಪಿನಸ್, ಅಂದರೆ ಜಾನ್ಸನ್ನನ ಎದುರಾಳಿ ಜಾನ್ ಮಾರ್ಸ್ಟನ್ನನ ಅಣಕುರೂಪ, ಬೋಗುಣಿಗೆ ಬಾಗಿ ಒಂದೊಂದೇ ಪದ ಕಕ್ಕುತ್ತಾನೆ: ಪಫಿ, ಇನ್‌ಫ್ಲೇಟ್, ಟರ್ಜಿಡಸ್, ವೆಂಟಾಸಿಟಿ. ಈ ನಾಲ್ಕೂ ಗಾಳಿ, ಉಬ್ಬರಗಳಿಗೆ ಸಂಬಂಧಿಸಿದವೇ. ಆಮೇಲೆ ಇನ್ನೊಬ್ಬ ಕವಿ ವರ್ಜಿಲ್ ಪಥ್ಯ ಹೇಳುತ್ತಾನೆ. ಪಥ್ಯವೆಂದರೆ ಓದಬೇಕಾದ ಲೇಖಕರ ಪಟ್ಟಿ.

ಆದರೆ ಜಾನ್ಸನ್ನನ ತೀರ್ಪನ್ನು ಭಾಷೆ ಪೂರ್ತಿಯಾಗಿ ಒಪ್ಪಲಿಲ್ಲ. ಅದೇ ಬೋಗುಣಿಗೆ ಬಿದ್ದ ರೆಸಿಪ್ರೋಕಲ್, ಸ್ಪ್ಯೂರಿಯಸ್, ಸ್ಟ್ರೆನ್ಯುಯಸ್ ಇಂದು ಇಂಗ್ಲಿಷಿನ ಸಾಮಾನ್ಯ ಪದಗಳು. ‘ಟರ್ಜಿಡಸ್’ ಮಾತ್ರ ಬಳಕೆ ತಪ್ಪಿ, ಟರ್ಜಿಡ್ ಉಳಿದುಕೊಂಡಿತು.